ಒಣಗಾಳಿ ಹೊತ್ತು ತರುವ ಹಿಮ

ಜಪಾನಿನ ರಾಜಧಾನಿ ಟೋಕಿಯೋಗೂ ಪಶ್ಚಿಮ ಕರಾವಳಿಯ ನೀಗಾತಾ ನಗರಕ್ಕೂ ನಡುವೆ ಇರುವ ದೂರ ಸುಮಾರು ೨೫೦ ಕಿಲೋಮೀಟರು. ವೇಗದ ರೈಲಿನಲ್ಲಿ ಎರಡು ಗಂಟೆಗಳ ಪ್ರಯಾಣ. ಆದರೆ ಜನವರಿ ತಿಂಗಳಲ್ಲಿ ಈ ಎರಡು ಊರುಗಳಿಗೂ ಇರುವ ಆಕಾಶ ಒಂದೇ ಎಂದು ನಂಬುವುದು ಕಷ್ಟ. ೧೯೯೧ರಿಂದ ೨೦೨೦ರವರೆಗಿನ ಸರಾಸರಿಯನ್ನು ನೋಡಿದರೆ ಟೋಕಿಯೋ ನಗರ ಜನವರಿಯಲ್ಲಿ ನೂರ ತೊಂಬತ್ತಕ್ಕೂ ಹೆಚ್ಚು ಗಂಟೆಗಳ ಕಾಲ ಬಿಸಿಲನ್ನು ಕಾಣುತ್ತದೆ. ನೀಗಾತಾದ ಪಾಲಿಗೆ ಬರುವುದು ಅರುವತ್ತಕ್ಕಿಂತಲೂ ಕಡಮೆ ಗಂಟೆಗಳು. ಒಂದು ಕಡೆ ತೊಳೆದಿಟ್ಟಂಥ ನೀಲಾಕಾಶ, ಚರ್ಮ ಬಿರಿಯುವಂಥ ಒಣಹವೆ. ಮತ್ತೊಂದು ಕಡೆ ಮನೆಯ ಮಾಡಿಗೆ ತಗಲುವವೋ ಎಂಬಂತೆ ತಗ್ಗಿ ತೂಗುವ ಬೂದುಬಣ್ಣದ ಮೋಡಗಳು, ಹಗಲಿರುಳೆನ್ನದೆ ಉದುರುವ ಹಿಮ. ನಡುವೆ ಇರುವುದು ಒಂದು ಬೆಟ್ಟಸಾಲು ಮಾತ್ರ.

ಬೆಟ್ಟದ ಒಂದು ಬದಿಗೆ ಮಳೆ, ಇನ್ನೊಂದು ಬದಿಗೆ ಒಣಭೂಮಿ ಎಂಬುದು ಕರ್ನಾಟಕದವರಿಗೆ ಹೊಸ ಮಾತಲ್ಲ. ಆಗುಂಬೆಯಲ್ಲಿ ಜಡಿಮಳೆ ಸುರಿಯುತ್ತಿರುವಾಗ ಚಿತ್ರದುರ್ಗದ ರೈತ ಮುಗಿಲು ನೋಡುತ್ತ ಕುಳಿತಿರುತ್ತಾನೆ. ಆದರೆ ಮುಂಗಾರಿನ ಗಾಳಿ ಸಾವಿರಾರು ಮೈಲಿ ಬೆಚ್ಚನೆಯ ಸಾಗರದ ಮೇಲೆ ಸಾಗಿ, ನೀರಾವಿಯನ್ನು ಹೊಟ್ಟೆತುಂಬ ಕುಡಿದು ಬರುವ ಗಾಳಿ. ಜಪಾನಿಗೆ ಹಿಮವನ್ನು ತರುವ ಚಳಿಗಾಲದ ಗಾಳಿಯಾದರೋ ಸೈಬೀರಿಯದಿಂದ ಬರುವಂಥದು. ಲೋಕದ ಅತ್ಯಂತ ಶೀತಲವಾದ, ಅತ್ಯಂತ ಒಣಗಾಳಿಗಳಲ್ಲಿ ಅದೂ ಒಂದು. ಹೊರಟಾಗ ಅದರ ಜೋಳಿಗೆಯಲ್ಲಿ ತೇವವೆಂಬುದು ಇಲ್ಲವೆಂದರೂ ಸಲ್ಲುತ್ತದೆ. ಹಾಗಿದ್ದ ಮೇಲೆ ಆಳೆತ್ತರದ ಹಿಮವನ್ನು ಅದು ಎಲ್ಲಿಂದ ತಂದಿತು?

ಈ ಒಗಟಿಗೆ ಉತ್ತರವಿರುವುದು ಸೈಬೀರಿಯದಲ್ಲಿ ಅಲ್ಲ, ಜಪಾನಿನಲ್ಲಿಯೂ ಅಲ್ಲ; ಇವೆರಡರ ನಡುವೆ ಇರುವ ಕಡಲಿನಲ್ಲಿ.

ತಣ್ಣನೆಯ ಗಾಳಿಯ ರಾಶಿ

ಚಳಿಗಾಲದಲ್ಲಿ ಸೈಬೀರಿಯ ಮತ್ತು ಮಂಗೋಲಿಯಗಳ ವಿಶಾಲವಾದ ಬಯಲಿನ ಮೇಲೆ ಸೂರ್ಯ ತಗ್ಗಿನಲ್ಲಿಯೇ ಹಾದುಹೋಗುತ್ತಾನೆ. ಹಗಲು ಕಿರಿದು, ಇರುಳು ಹಿರಿದು. ಹಿಮ ಹೊದ್ದ ನೆಲ ತನ್ನಲ್ಲಿದ್ದ ಅಲ್ಪಸ್ವಲ್ಪ ಶಾಖವನ್ನೂ ರಾತ್ರಿಯ ಆಕಾಶಕ್ಕೆ ಚೆಲ್ಲಿಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಕೆಳಗೆ ಕುಳಿತು ಗುಡ್ಡೆಗೂಡುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರ ಸಾಧಾರಣವಾಗಿ ೧೦೧೩ ಮಿಲಿಬಾರ್ ಇರುತ್ತದಷ್ಟೆ. ೧೯೬೮ರ ಡಿಸೆಂಬರ್ ೩೧ರಂದು ಸೈಬೀರಿಯದ ಅಗಾತಾ ಎಂಬಲ್ಲಿ ಅದು ಸಮುದ್ರಮಟ್ಟದ ಲೆಕ್ಕದಲ್ಲಿ ೧೦೮೩ ಮಿಲಿಬಾರುಗಳನ್ನೂ ಮೀರಿತ್ತು. ಗಾಳಿಯ ರಾಶಿ ಎಷ್ಟರಮಟ್ಟಿಗೆ ಬೆಳೆಯಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಹೀಗೆ ಗುಡ್ಡೆಯಾದದ್ದು ಎತ್ತಲಾದರೂ ಜರುಗಲೇಬೇಕು. ದಕ್ಷಿಣಕ್ಕೆ ಹಿಮಾಲಯವೂ ಟಿಬೆಟಿನ ಪ್ರಸ್ಥಭೂಮಿಯೂ ಅಡ್ಡ ನಿಂತು ಭಾರತವನ್ನು ಈ ಕೊರೆಯುವ ಚಳಿಯಿಂದ ಕಾಯುತ್ತವೆ. ಪೂರ್ವದಲ್ಲಿ ಅಂಥ ತಡೆಯಿಲ್ಲ. ಅದೇ ಸಮಯಕ್ಕೆ ಜಪಾನಿನ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಉತ್ತರ ಭಾಗದಲ್ಲಿ, ವಾಯುಭಾರ ಕುಸಿದಿರುತ್ತದೆ. ಪಶ್ಚಿಮದಲ್ಲಿ ಏರು, ಪೂರ್ವದಲ್ಲಿ ಇಳಿ: ಈ ಸ್ಥಿತಿಯನ್ನು ಹೇಳಲು ಜಪಾನೀ ಭಾಷೆಯಲ್ಲಿ ನಾಲ್ಕಕ್ಷರಗಳ ಒಂದು ಮಾತೇ ಇದೆ. ಹವಾವರ್ತಮಾನ ಕೇಳುವ ಗೃಹಿಣಿಯಿಂದ ಹಿಡಿದು ಶಾಲೆಯ ಹುಡುಗನವರೆಗೆ ಎಲ್ಲರಿಗೂ ಅದರ ಅರ್ಥ ಗೊತ್ತು. ಆ ಮಾತು ಕಿವಿಗೆ ಬಿದ್ದ ದಿನ ಪಶ್ಚಿಮ ಕರಾವಳಿಯವರು ಹಿಮ ಎತ್ತುವ ಸಲಿಕೆಯನ್ನು ಬಾಗಿಲಿಗೆ ತಂದಿಡುತ್ತಾರೆ; ಪೂರ್ವ ಕರಾವಳಿಯವರು ಬಟ್ಟೆ ಒಗೆದು ಬಿಸಿಲಿಗೆ ಹರವುತ್ತಾರೆ.

ಹದಿನೈದು ಗಂಟೆಗಳ ಪಯಣ

ಏಷ್ಯಾ ಖಂಡದ ಅಂಚಿಗೂ ಜಪಾನಿನ ದ್ವೀಪಗಳಿಗೂ ನಡುವೆ ಸುಮಾರು ಹತ್ತು ಲಕ್ಷ ಚದರ ಕಿಲೋಮೀಟರು ವಿಸ್ತಾರವಾದ ಕಡಲು ಹರಡಿಕೊಂಡಿದೆ. ಜಪಾನಿನವರು ಇದನ್ನು ಜಪಾನ್ ಸಮುದ್ರವೆಂದು ಕರೆದರೆ ಕೊರಿಯದವರು ಪೂರ್ವ ಸಮುದ್ರವೆನ್ನುತ್ತಾರೆ. ಇದರೊಳಕ್ಕೆ ದಕ್ಷಿಣದ ಜಲಸಂಧಿಯ ಮೂಲಕ ಸುಶಿಮಾ ಪ್ರವಾಹವೆಂಬ ಬೆಚ್ಚನೆಯ ನೀರಿನ ಹೊಳೆಯೊಂದು ನುಗ್ಗಿಬರುತ್ತದೆ. ಪೆಸಿಫಿಕ್ ಸಾಗರದ ಪ್ರಖ್ಯಾತ ಕುರೋಶಿಯೋ ಪ್ರವಾಹದ ಕವಲು ಅದು. ಈ ಪ್ರವಾಹದ ಕೃಪೆಯಿಂದ ನಡುಚಳಿಗಾಲದಲ್ಲಿಯೂ ಹೋನ್ಷು ದ್ವೀಪದ ಪಶ್ಚಿಮ ತೀರದ ನೀರು ಹತ್ತು ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಮನುಷ್ಯನ ಮೈಗೆ ಅದು ಮರಗಟ್ಟಿಸುವ ತಣ್ಣೀರೇ ಸರಿ. ಆದರೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿನ ಶೈತ್ಯವನ್ನು ಹೊತ್ತು ವ್ಲಾಡಿವೊಸ್ಟಾಕ್ ತೀರದಿಂದ ಹೊರಟ ಗಾಳಿಯ ಪಾಲಿಗೆ ಅದು ಒಲೆಯ ಮೇಲಿಟ್ಟ ಹಂಡೆಯಂತೆ.

ಒಂದು ಘನ ಮೀಟರು ಗಾಳಿ ಸೊನ್ನೆಗಿಂತ ೧೫ ಡಿಗ್ರಿ ಕೆಳಗಿರುವಾಗ ಎರಡು ಗ್ರಾಮಿನಷ್ಟು ನೀರಾವಿಯನ್ನೂ ಹಿಡಿದಿಟ್ಟುಕೊಳ್ಳಲಾರದು. ಅದೇ ಗಾಳಿ ೧೦ ಡಿಗ್ರಿಗೆ ಏರಿದರೆ ಒಂಬತ್ತು ಗ್ರಾಮುಗಳಿಗೂ ಮೀರಿ ಹಿಡಿಯಬಲ್ಲದು. ಎಂದರೆ ಬೆಚ್ಚಗಾಗುತ್ತ ಹೋಗುವ ಒಣಗಾಳಿಯಂಥ ದಾಹ ಇನ್ನೊಂದಿಲ್ಲ. ಕಡಲಿನ ಮೇಲೆ ಕಾಲಿಟ್ಟ ಕ್ಷಣದಿಂದ ಅದು ಕೆಳಗಿನಿಂದ ಶಾಖವನ್ನೂ ಆವಿಯನ್ನೂ ಒಟ್ಟಿಗೆ ಹೀರತೊಡಗುತ್ತದೆ. ಗಾಳಿ ಬಿರುಸಾಗಿರುವ ದಿನಗಳಲ್ಲಿ ಕಡಲಿನ ಒಂದೊಂದು ಚದರ ಮೀಟರಿನಿಂದಲೂ ಹಲವು ನೂರು ವ್ಯಾಟುಗಳಷ್ಟು ಶಕ್ತಿ ಹೀಗೆ ಮೇಲೇರುತ್ತಿರುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಸೂರ್ಯನಿಂದ ಪಡೆದು ಕೂಡಿಟ್ಟದ್ದನ್ನು ಸಮುದ್ರ ಚಳಿಗಾಲದಲ್ಲಿ ಧಾರಾಳವಾಗಿ ದಾನ ಮಾಡುತ್ತದೆ. ಸೆಕೆಂಡಿಗೆ ೧೫ ಮೀಟರು ವೇಗದ ಗಾಳಿಗೆ ೮೦೦ ಕಿಲೋಮೀಟರು ಕಡಲನ್ನು ದಾಟಲು ಹದಿನೈದು ಗಂಟೆಗಳು ಸಾಕು. ಬಡವನಾಗಿ ಹೊರಟ ಗಾಳಿ ಅಷ್ಟರೊಳಗೆ ಸಿರಿವಂತನಾಗಿ ಆಚೆಯ ದಡ ಸೇರುತ್ತದೆ.

ಮೇಲಿನಿಂದ ನೋಡಿದಾಗ ಈ ಪಯಣದ ಘಟ್ಟಗಳೆಲ್ಲ ಬರೆದಿಟ್ಟಂತೆ ಕಾಣುತ್ತವೆ. ಖಂಡದ ತೀರದ ಬಳಿ ಕಡಲು ನಿರ್ಮಲವಾಗಿರುತ್ತದೆ, ಅಲ್ಲಿ ಮೋಡವಿಲ್ಲ. ಗಾಳಿ ಇನ್ನೂ ತೇವವನ್ನು ಕೂಡಿಸುತ್ತಿರುವ ಹೊತ್ತು ಅದು. ಸ್ವಲ್ಪ ದೂರ ಸಾಗಿದ ಮೇಲೆ ಮೊದಲ ಮೋಡಗಳು ಬಿಳಿಯ ಎಳೆಗಳಂತೆ ಮೂಡುತ್ತವೆ. ತೀರದಿಂದ ಮೊದಲ ಮೋಡದವರೆಗಿನ ಈ ಬಯಲನ್ನು ಜಪಾನಿನ ಹವಾಶಾಸ್ತ್ರಜ್ಞರು ಕಣ್ಣಳತೆಯಲ್ಲಿಯೇ ಅಳೆಯುತ್ತಾರೆ. ಗಾಳಿ ಹೆಚ್ಚು ತಣ್ಣಗಿದ್ದಷ್ಟೂ ಕಡಲಿಗೂ ಅದಕ್ಕೂ ಇರುವ ಅಂತರ ಹೆಚ್ಚು, ಮೋಡ ಹುಟ್ಟುವುದೂ ಬೇಗ. ಬಯಲು ಕಿರಿದಾದರೆ ಬರುತ್ತಿರುವ ಶೈತ್ಯ ಕಠೋರವಾದದ್ದು ಎಂದು ಅರ್ಥ. ಉಷ್ಣಮಾಪಕವಿಲ್ಲದೆ, ಆಕಾಶದ ಒಂದು ಚಿತ್ರದಿಂದಲೇ ಚಳಿಯನ್ನು ಅಳೆಯುವ ಉಪಾಯವಿದು!

ಮೋಡಗಳ ಬೀದಿ

ಹೀಗೆ ಹುಟ್ಟಿದ ಮೋಡಗಳು ಅಲ್ಲೊಂದು ಇಲ್ಲೊಂದು ಚೆದರಿಕೊಂಡಿರುವುದಿಲ್ಲ. ಗಾಳಿ ಬೀಸುವ ದಿಕ್ಕಿನಲ್ಲಿಯೇ, ಉತ್ತ ಹೊಲದ ಸಾಲುಗಳಂತೆ, ಒಂದರ ಪಕ್ಕದಲ್ಲೊಂದು ನೂರಾರು ಕಿಲೋಮೀಟರು ಉದ್ದಕ್ಕೆ ಚಾಚಿಕೊಳ್ಳುತ್ತವೆ. ಇವುಗಳಿಗೆ ‘ಮೋಡದ ಬೀದಿ’ಗಳೆಂದೇ ಹೆಸರು. ಕಡಲಿನ ಮೇಲೆ ಈ ಶಿಸ್ತನ್ನು ಕಲಿಸಿದವರು ಯಾರು?

ಉತ್ತರದ ಮೊದಲ ಸುಳಿವು ದೊರೆತದ್ದು ಆಕಾಶದಲ್ಲಿ ಅಲ್ಲ, ಪ್ರಯೋಗಶಾಲೆಯ ಮೇಜಿನ ಮೇಲೆ. ಫ್ರಾನ್ಸಿನ ಹೆನ್ರಿ ಬೆನಾರ್ ೧೯೦೦ರಲ್ಲಿ ತೆಳುವಾದ ದ್ರವದ ಪದರವೊಂದನ್ನು ಕೆಳಗಿನಿಂದ ಕಾಯಿಸಿ ನೋಡಿದಾಗ ಅದು ಜೇನುಗೂಡಿನಂಥ ಕಣ್ಣುಕಣ್ಣಾಗಿ ವಿಂಗಡಗೊಂಡಿತು. ಒಂದೊಂದು ಕಣ್ಣಿನ ನಡುವೆ ದ್ರವ ಮೇಲೇರುತ್ತಿತ್ತು, ಅಂಚಿನಲ್ಲಿ ಕೆಳಗಿಳಿಯುತ್ತಿತ್ತು. ೧೯೧೬ರಲ್ಲಿ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ಕೆಳಗಿನಿಂದ ಕಾಯುವ ದ್ರವ ಯಾವ ಹಂತದಲ್ಲಿ ಹೀಗೆ ಹೊರಳತೊಡಗುತ್ತದೆಂಬುದನ್ನು ಗಣಿತದಿಂದ ತೋರಿಸಿಕೊಟ್ಟರು. ಚಳಿಗಾಲದ ಕಡಲಿನ ಮೇಲಿರುವ ಗಾಳಿಯೂ ಕೆಳಗಿನಿಂದ ಕಾಯುವ ಪದರವೇ. ಜೋರಾದ ಗಾಳಿ ಅದನ್ನು ಒಂದೇ ದಿಕ್ಕಿಗೆ ಎಳೆಯುತ್ತಿರುವುದರಿಂದ ಅಲ್ಲಿ ಕಣ್ಣುಗಳ ಬದಲು ಉದ್ದುದ್ದನೆಯ ಸುರುಳಿಗಳು ಏರ್ಪಡುತ್ತವೆ. ಚಾಪೆಗಳನ್ನು ಸುತ್ತಿ ಸಾಲಾಗಿ ಮಲಗಿಸಿದಂತೆ ಗಾಳಿ ಸುರುಳಿ ಸುತ್ತುತ್ತ ಸಾಗುತ್ತದೆ. ಎರಡು ಸುರುಳಿಗಳು ಕೂಡಿ ಮೇಲೇರುವ ಗೆರೆಯಲ್ಲಿ ಮೋಡ; ಎರಡೂ ಕೆಳಗಿಳಿಯುವ ಗೆರೆಯಲ್ಲಿ ಬಯಲು. ಮೋಡದ ಬೀದಿಗಳ ಗುಟ್ಟು ಇಷ್ಟೆ.

ಇನ್ನೂ ಮುಂದೆ ಸಾಗಿ ಗಾಳಿ ಸಾಕಷ್ಟು ಕಾದ ಮೇಲೆ ಬೀದಿಗಳು ಒಡೆಯುತ್ತವೆ. ಅವುಗಳ ಸ್ಥಾನದಲ್ಲಿ ಹತ್ತಾರು ಕಿಲೋಮೀಟರು ಅಗಲದ ಬಳೆಗಳಂಥ ಮೋಡಗಳು ಕಾಣಿಸಿಕೊಳ್ಳುತ್ತವೆ: ನಡುವೆ ಬಯಲು, ಸುತ್ತ ಮೋಡದ ಅಂಚು. ಇವು ‘ತೆರೆದ ಕಣ್ಣು’ಗಳು. ಕಡಲಿಗೂ ಗಾಳಿಗೂ ಉಷ್ಣದ ಅಂತರ ಅಷ್ಟಾಗಿ ಇಲ್ಲದ ಕಡೆಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡುವೆ ದಟ್ಟ ಮೋಡ, ಅಂಚಿನಲ್ಲಿ ತೆಳ್ಳನೆಯ ಬಯಲುಗೆರೆ ಇರುವ ‘ಮುಚ್ಚಿದ ಕಣ್ಣು’ಗಳು ಏರ್ಪಡುತ್ತವೆ. ಹಡಗಿನ ಮೇಲಿನ ನಾವಿಕನಿಗೆ ಇದಾವುದೂ ಗೋಚರಿಸುವುದಿಲ್ಲ. ಅವನ ಪಾಲಿಗೆ ಅದೊಂದು ಮೋಡ ಕವಿದ ದಿನ ಮಾತ್ರ. ೧೯೬೦ರ ಏಪ್ರಿಲ್ ೧ರಂದು ಅಮೆರಿಕ ಹಾರಿಸಿದ ಟೈರಾಸ್–೧ ಎಂಬ ಮೊಟ್ಟಮೊದಲ ಹವಾ ಉಪಗ್ರಹ ಕೆಲಸ ಮಾಡಿದ್ದು ೭೮ ದಿನಗಳು. ಸಾಗರಗಳ ಮೇಲೆ ಮೋಡಗಳು ಹೀಗೆ ರಂಗೋಲಿ ಇಟ್ಟಂತೆ ಹರಡಿರುವುದನ್ನು ಮನುಷ್ಯನಿಗೆ ಅದು ತೋರಿಸಿಕೊಟ್ಟಿತು.

ಇದಕ್ಕಿಂತಲೂ ಸೊಗಸಾದ ಚಿತ್ರವೊಂದು ಕೊರಿಯದ ದಕ್ಷಿಣಕ್ಕಿರುವ ಜೇಜು ದ್ವೀಪದ ಬಳಿ ಮೂಡುವುದುಂಟು. ದ್ವೀಪದ ನಡುವೆ ೧೯೫೦ ಮೀಟರುಗಳಷ್ಟು ಎತ್ತರದ ಹಾಲ್ಲಾ ಪರ್ವತವಿದೆ. ಹೊಳೆಯ ನಡುವಿನ ಕಂಬದ ಹಿಂದೆ ನೀರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಟ್ಟುವಂತೆ, ಆ ಪರ್ವತದ ಮರೆಯಲ್ಲಿ ತಗ್ಗಿನ ಮೋಡಗಳು ಸುಳಿ ಸುಳಿಯಾಗಿ ಜಡೆ ಹೆಣೆಯುತ್ತ ನೂರಾರು ಕಿಲೋಮೀಟರು ಸಾಗುತ್ತವೆ. ಈ ಸುಳಿಸಾಲಿನ ಗಣಿತವನ್ನು ತಿಯೋಡೋರ್ ಫಾನ್ ಕಾರ್ಮಾನ್ ೧೯೧೧ರಲ್ಲಿಯೇ ಬಿಡಿಸಿದ್ದರು.

ಕುಳ್ಳ ಮೋಡದ ಸಾಹಸ

ಮುಂಗಾರಿನ ಗುಡುಗುಮೋಡ ಹದಿನೈದು ಕಿಲೋಮೀಟರುಗಳಿಗೂ ಮೀರಿ ತಲೆಯೆತ್ತಬಲ್ಲದು. ಜಪಾನ್ ಸಮುದ್ರದ ಚಳಿಗಾಲದ ಮೋಡ ಅದರ ಮುಂದೆ ಕುಳ್ಳ. ಸಾಧಾರಣವಾಗಿ ಎರಡು ಮೂರು ಕಿಲೋಮೀಟರು ಎತ್ತರದಲ್ಲಿಯೇ ಅದರ ನೆತ್ತಿ ಮುಗಿಯುತ್ತದೆ. ಅಲ್ಲಿಂದ ಮೇಲೆ ಬೆಚ್ಚಗಿನ, ಒಣಗಿನ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿನ ಗಾಳಿ ಎಷ್ಟೇ ಕುದಿದರೂ ಈ ಮುಚ್ಚಳವನ್ನು ತಟ್ಟಿ ಹಿಂದಿರುಗಬೇಕಾಗುತ್ತದೆ. ಆದರೆ ಸೈಬೀರಿಯದಿಂದ ಅತಿಶೀತಲವಾದ ಮೇಲ್ಗಾಳಿಯ ಅಲೆಯೊಂದು ತೂರಿಬಂದಾಗ ಮುಚ್ಚಳ ಸಡಿಲಗೊಂಡು, ಮೋಡಗಳು ನಾಲ್ಕೈದು ಕಿಲೋಮೀಟರುಗಳವರೆಗೆ ಚಿಗುರುತ್ತವೆ. ಆದುದರಿಂದಲೇ ಜಪಾನಿನ ಮುನ್ಸೂಚನೆಗಾರರು ಸುಮಾರು ಐದೂವರೆ ಕಿಲೋಮೀಟರು ಎತ್ತರದ ಗಾಳಿಯ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ. ಅಲ್ಲಿ ಉಷ್ಣಮಾನ ಸೊನ್ನೆಗಿಂತ ೩೬ ಡಿಗ್ರಿ ಕೆಳಕ್ಕೆ ಇಳಿಯಿತೆಂದರೆ ಭಾರಿ ಹಿಮಪಾತಕ್ಕೆ ಸಿದ್ಧರಾಗಬೇಕೆಂಬುದು ಅವರ ಅನುಭವಸೂತ್ರ.

ಈ ಮೋಡಗಳ ಒಳಗೆ ಇನ್ನೊಂದು ಚೋದ್ಯವಿದೆ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆಂಬುದು ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಮೋಡದ ಸೂಕ್ಷ್ಮ ಹನಿಗಳು ಅದಕ್ಕಿಂತ ಹತ್ತು ಇಪ್ಪತ್ತು ಡಿಗ್ರಿ ಕೆಳಗೂ ದ್ರವವಾಗಿಯೇ ಉಳಿಯಬಲ್ಲವು. ಧೂಳಿನ ಕಣವೋ ಹಿಮದ ಹರಳೋ ತಗಲಿದೊಡನೆ ಅವು ಮಂಜುಗಡ್ಡೆಯಾಗುತ್ತವೆ. ಸುತ್ತಲಿನ ಹನಿಗಳ ನೀರಾವಿಯನ್ನು ಕಸಿದುಕೊಂಡು ಹರಳು ಬೆಳೆಯುತ್ತದೆ, ಭಾರವಾಗುತ್ತದೆ, ಉದುರುತ್ತದೆ. ಈ ಹರಳುಗಳ ರಹಸ್ಯವನ್ನು ಬೆನ್ನಟ್ಟಿದ ಮಹನೀಯ ಉಕಿಚಿರೋ ನಕಾಯಾ. ಹುಟ್ಟಿದ್ದು ೧೯೦೦ರಲ್ಲಿ, ಇದೇ ಹಿಮದ ಕರಾವಳಿಯ ಇಶಿಕಾವಾ ಸೀಮೆಯಲ್ಲಿ. ಹೊಕ್ಕೈಡೋ ವಿಶ್ವವಿದ್ಯಾನಿಲಯದ ಶೀತಲ ಕೊಠಡಿಯಲ್ಲಿ ೧೯೩೬ರ ಮಾರ್ಚ್ ೧೨ರಂದು ಮೊಲದ ಒಂದು ಕೂದಲಿನ ತುದಿಯಲ್ಲಿ ಲೋಕದ ಮೊದಲ ಕೃತಕ ಹಿಮಹರಳನ್ನು ಅವರು ಬೆಳೆಸಿದರು. ಹರಳಿನ ಆಕಾರ ಅದು ಬೆಳೆದ ಗಾಳಿಯ ಉಷ್ಣಮಾನವನ್ನೂ ತೇವವನ್ನೂ ಅವಲಂಬಿಸಿದೆ ಎಂದು ತೋರಿಸಿ, ನೆಲಕ್ಕೆ ಬಿದ್ದ ಹರಳನ್ನು ನೋಡಿ ಮೋಡದ ಒಳಗನ್ನು ಅರಿಯುವ ದಾರಿಯನ್ನು ತೆರೆದರು.

ಈ ಕುಳ್ಳ ಮೋಡಗಳು ಗುಡುಗುವುದೂ ಉಂಟು. ಕನಜಾವಾ ಸುತ್ತಿನ ಕರಾವಳಿಯಲ್ಲಿ ಸಿಡಿಲಿನ ಕಾಲವೆಂದರೆ ಬೇಸಗೆಯಲ್ಲ, ಚಳಿಗಾಲ. ಹಿಮವನ್ನು ಎಬ್ಬಿಸುವ ಗುಡುಗು ಎಂದು ಜನ ಅದನ್ನು ಕರೆಯುತ್ತಾರೆ. ತೊಯಾಮಾ ಕೊಲ್ಲಿಯ ಬೆಸ್ತರಿಗೆ ಅದೇ ಗುಡುಗು ಬುರಿ ಮೀನಿನ ಸುಗ್ಗಿಯ ಡಂಗುರ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂಬುದು ಆ ಸೀಮೆಯ ಗಾದೆ. ಮೋಡ ನೆಲಕ್ಕೆ ಹತ್ತಿರವಿರುವುದರಿಂದ ವಿಜ್ಞಾನಿಗಳಿಗೂ ಒಂದು ಅನುಕೂಲ ದೊರೆಯಿತು. ಮಿಂಚಿನಲ್ಲಿ ಹುಟ್ಟುವ ಗಾಮಾ ಕಿರಣಗಳು ಇಲ್ಲಿ ಭೂಮಿಯನ್ನು ತಲಪುತ್ತವೆ. ೨೦೧೭ರ ಫೆಬ್ರವರಿ ೬ರಂದು ನೀಗಾತಾ ಸೀಮೆಯ ಕಾಶಿವಾಜಾಕಿಯಲ್ಲಿ ಹೊಡೆದ ಸಿಡಿಲೊಂದು ಗಾಳಿಯಲ್ಲಿ ಪರಮಾಣು ಬೀಜಗಳ ಕ್ರಿಯೆಯನ್ನೇ ಉಂಟುಮಾಡಿತೆಂಬುದು ಹೀಗೆ ಪತ್ತೆಯಾಯಿತು.

ಬೆಟ್ಟದ ಹಿಮ, ಊರಿನ ಹಿಮ

ಚಳಿಗಾಲದ ಗಾಳಿಯ ರೀತಿ ಎಲ್ಲ ದಿನಗಳಲ್ಲೂ ಒಂದೇ ಅಲ್ಲ. ಅದು ಬದಲಾದಂತೆ ಮೋಡಗಳ ನಡತೆಯೂ ಬದಲಾಗುತ್ತದೆ. ಹವಾಪಟದ ಮೇಲೆ ಸಮಭಾರರೇಖೆಗಳು ಉತ್ತರ ದಕ್ಷಿಣವಾಗಿ ನೆಟ್ಟಗೆ, ಒತ್ತೊತ್ತಾಗಿ ನಿಂತಿದ್ದರೆ ಗಾಳಿ ಬಿರುಸಾಗಿರುತ್ತದೆ. ಮೋಡದ ಬೀದಿಗಳು ಕರಾವಳಿಯನ್ನು ದಾಟಿಕೊಂಡು ಹೋಗಿ ಬೆಟ್ಟಕ್ಕೆ ಬಡಿಯುತ್ತವೆ. ಹಿಮವೆಲ್ಲ ಬೆಟ್ಟದ ಪಾಲು. ಇದು ‘ಬೆಟ್ಟದ ಹಿಮ’. ೧೯೨೭ರ ಫೆಬ್ರವರಿ ೧೪ರಂದು ಇಬುಕಿ ಪರ್ವತದ ಮೇಲೆ ಅಳೆದ ಹಿಮದ ಆಳ ೧೧೮೨ ಸೆಂಟಿಮೀಟರು. ನಾಲ್ಕಂತಸ್ತಿನ ಕಟ್ಟಡ ಮುಳುಗುವಷ್ಟು.

ರೇಖೆಗಳು ಸಮುದ್ರದ ಮೇಲೆ ಚೀಲದಂತೆ ಬಾಗಿಕೊಂಡಿದ್ದರೆ ಪ್ರಸಂಗ ಬೇರೆ. ಗಾಳಿ ಮಂದವಾಗಿರುತ್ತದೆ, ಮೇಲಿನ ಶೈತ್ಯ ತೀವ್ರವಾಗಿರುತ್ತದೆ. ಮೋಡಗಳು ಕಡಲಿನ ಮೇಲೆಯೇ ಕೊಬ್ಬಿ, ಬೆಟ್ಟದವರೆಗೆ ಕಾಯದೆ ಬಯಲಿನ ಪಟ್ಟಣಗಳ ಮೇಲೆ ತಮ್ಮ ಹೊರೆಯನ್ನು ಇಳಿಸಿಬಿಡುತ್ತವೆ. ಇದು ‘ಊರಿನ ಹಿಮ’. ಜನರಿಗೆ ಭಯ ಇದರದೇ.

ಎಲ್ಲಕ್ಕಿಂತ ಅಪಾಯಕರವಾದ ಮೋಡವೊಂದು ಹುಟ್ಟುವುದು ಸಮುದ್ರದಾಚೆಯ ಪರ್ವತವೊಂದರ ದೆಸೆಯಿಂದ. ಕೊರಿಯ ಮತ್ತು ಚೀನಗಳ ಗಡಿಯಲ್ಲಿ ೨೭೪೪ ಮೀಟರು ಎತ್ತರದ ಪೇಕ್ತು ಪರ್ವತವೂ ಅದರ ಪರಿವಾರದ ಬೆಟ್ಟಗಳೂ ನಿಂತಿವೆ. ಸೈಬೀರಿಯದ ಗಾಳಿ ಇವುಗಳಿಗೆ ಬಡಿದು, ಬಂಡೆಗೆ ಬಡಿದ ಹೊಳೆಯಂತೆ ಎರಡಾಗಿ ಸೀಳುತ್ತದೆ. ಎರಡು ಕವಲುಗಳೂ ಬೆಟ್ಟವನ್ನು ಬಳಸಿಕೊಂಡು ಬಂದು ಸಮುದ್ರದ ಮೇಲೆ ಮತ್ತೆ ಕೂಡುತ್ತವೆ. ಕೂಡಿದ ಗೆರೆಯಲ್ಲಿ ಗಾಳಿಗೆ ಮೇಲೇರದೆ ಗತ್ಯಂತರವಿಲ್ಲ. ಅಲ್ಲಿ ದಪ್ಪನಾದ ಮೋಡದ ಪಟ್ಟಿಯೊಂದು ಕೊರಿಯದ ಬುಡದಿಂದ ಜಪಾನಿನವರೆಗೆ ಬೆಳೆಯುತ್ತದೆ. ಪಟ್ಟಿಯ ತುದಿ ತಗಲಿದ ಸೀಮೆಯ ಮೇಲೆ ಹಿಮ ಗಂಟೆಗಟ್ಟಲೆ ನಿಲ್ಲದೆ ಸುರಿಯುತ್ತದೆ. ತುದಿ ಐವತ್ತು ಕಿಲೋಮೀಟರು ಅತ್ತ ಸರಿದರೆ ಒಂದು ಊರು ಬದುಕಿತು, ಇನ್ನೊಂದು ಊರು ಹೂತುಹೋಯಿತು.

ಬಿಳಿಯ ವಿಪತ್ತು

ಹೂತುಹೋಗುವುದೆಂಬುದು ಅಲಂಕಾರದ ಮಾತಲ್ಲ. ೧೯೪೫ರ ಫೆಬ್ರವರಿ ೨೬ರಂದು ತಕಾದಾ ಪಟ್ಟಣದಲ್ಲಿ ಹಿಮದ ಆಳ ೩೭೭ ಸೆಂಟಿಮೀಟರು ಮುಟ್ಟಿತ್ತು. ಹಳೆಯ ತಕಾದಾದಲ್ಲಿ ಬೀದಿಯುದ್ದಕ್ಕೂ ಮನೆಗಳ ಮುಂದೆ ಸೂರುಗಳನ್ನು ಒಂದಕ್ಕೊಂದು ಸೇರಿಸಿ ಇಳಿಬಿಟ್ಟಿದ್ದಾರೆ. ಬೀದಿ ಮುಚ್ಚಿಹೋದಾಗ ಜನ ನಡೆದಾಡಲು ಉಳಿಯುತ್ತಿದ್ದದ್ದು ಆ ಸೂರಿನಡಿಯ ದಾರಿಯೊಂದೇ.

೧೯೬೩ರ ಜನವರಿಯಲ್ಲಿ ಬಂದ ಹಿಮಪಾತವನ್ನು ಆ ಸೀಮೆಯ ಹಿರಿಯರು ಇಂದಿಗೂ ಮರೆತಿಲ್ಲ. ವಾರಗಟ್ಟಲೆ ಪಶ್ಚಿಮ ಕರಾವಳಿಯ ಮೇಲೆ ಮೋಡಗಳು ಕದಲಲಿಲ್ಲ. ನಾಗಾವೋಕಾ ನಗರದಲ್ಲಿ ಹಿಮ ೩೧೮ ಸೆಂಟಿಮೀಟರು ಏರಿತು. ಫುಕುಯಿ ನಗರದಲ್ಲಿ ೨೧೩. ರಸ್ತೆಗಳು ಮಾಯವಾದವು, ಹಳ್ಳಿಗಳು ಒಂಟಿಯಾದವು, ಸೈನಿಕರು ಸಲಿಕೆ ಹಿಡಿದು ಬಂದರು. ನೀಗಾತಾದಿಂದ ಟೋಕಿಯೋಗೆ ಹೊರಟ ವೇಗದ ರೈಲೊಂದು ಗುರಿ ಸೇರಲು ನಾಲ್ಕು ದಿನಗಳಿಗೂ ಮೀರಿ ಹಿಡಿಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ೨೨೮ ಮಂದಿ ಪ್ರಾಣ ಕಳೆದುಕೊಂಡಿದ್ದರು. ಮೂವರ ಸುಳಿವೇ ಸಿಗಲಿಲ್ಲ.

ಆಮೇಲೆ ನಾಗಾವೋಕಾದ ರಸ್ತೆಗಳ ನಡುವೆ ಅಂತರ್ಜಲವನ್ನು ಚಿಮ್ಮಿಸಿ ಹಿಮ ಕರಗಿಸುವ ಕೊಳವೆಗಳು ಹರಡಿದವು. ಯಂತ್ರಗಳು ಬಂದವು, ಹೆದ್ದಾರಿಗಳು ಬಂದವು. ಆದರೂ ೨೦೨೦ರ ಡಿಸೆಂಬರ್ ೧೬ರಂದು ತೊಡಗಿದ ಹಿಮಪಾತದಲ್ಲಿ ಟೋಕಿಯೋ ಮತ್ತು ನೀಗಾತಾ ಸೀಮೆಗಳನ್ನು ಕೂಡಿಸುವ ಕಾನ್–ಎತ್ಸು ಹೆದ್ದಾರಿಯಲ್ಲಿ ಸುಮಾರು ೨೧೦೦ ವಾಹನಗಳು ಸಿಕ್ಕಿಬಿದ್ದವು. ಎಲ್ಲವನ್ನೂ ಬಿಡಿಸಲು ಎರಡು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. ಇನ್ನೊಂದು ದುಃಖದ ಸಂಗತಿ ಪತ್ರಿಕೆಗಳ ತಲೆಬರಹವಾಗದೆ ವರ್ಷವರ್ಷವೂ ನಡೆಯುತ್ತದೆ. ಮಕ್ಕಳು ಕೆಲಸವರಸಿ ನಗರ ಸೇರಿದ ಮೇಲೆ ಹಳ್ಳಿಯ ಮನೆಗಳಲ್ಲಿ ಉಳಿದವರು ಮುದುಕರು. ಮಾಡಿನ ಮೇಲೆ ಕೂಡಿದ ಹಿಮವನ್ನು ಇಳಿಸದಿದ್ದರೆ ಮನೆ ಕುಸಿದೀತು. ಇಳಿಸಲು ಹತ್ತಿದರೆ ಕಾಲು ಜಾರೀತು. ಹಿಮದಿಂದ ಮಡಿಯುವವರಲ್ಲಿ ಬಹುಮಂದಿ ಹೀಗೆ ಮಾಡನ್ನು ಹಗುರಗೊಳಿಸಲು ಹೋದ ವೃದ್ಧರೇ. ನಾಳೆ ಮೋಡದ ಪಟ್ಟಿ ಯಾವ ಊರಿನ ಮೇಲೆ ನಿಲ್ಲುತ್ತದೆಂಬುದು ಅವರ ಪಾಲಿಗೆ ಪಂಡಿತರ ಕುತೂಹಲವಲ್ಲ, ಜೀವದ ಪ್ರಶ್ನೆ.

ಮೋಡವನ್ನು ಓದುವವರು

ಆದುದರಿಂದಲೇ ಈ ಮೋಡಗಳ ಅಭ್ಯಾಸಕ್ಕೆ ಇಷ್ಟೊಂದು ಶ್ರಮ ಸಲ್ಲುತ್ತಿದೆ. ೧೯೭೪ ಮತ್ತು ೧೯೭೫ರ ಫೆಬ್ರವರಿ ತಿಂಗಳುಗಳಲ್ಲಿ ಓಕಿನಾವಾ ದ್ವೀಪದ ಸುತ್ತ ಹಲವು ರಾಷ್ಟ್ರಗಳ ವಿಜ್ಞಾನಿಗಳು ಹಡಗು ವಿಮಾನಗಳೊಡನೆ ನೆರೆದು, ತಣ್ಣನೆಯ ಗಾಳಿ ಬೆಚ್ಚನೆಯ ಕಡಲಿನ ಮೇಲೆ ಹಾಯುವಾಗ ಏನೇನು ನಡೆಯುತ್ತದೆಂದು ಅಳೆದರು. ೧೯೭೭ರಲ್ಲಿ ಜಪಾನ್ ತನ್ನ ಮೊದಲ ಹಿಮಾವಾರಿ ಉಪಗ್ರಹವನ್ನು ಹಾರಿಸಿತು. ಹಿಮಾವಾರಿ ಎಂದರೆ ಸೂರ್ಯಕಾಂತಿ ಹೂವು. ಅದೇ ಹೆಸರಿನ ಈಗಿನ ಪೀಳಿಗೆಯ ಉಪಗ್ರಹಗಳು ಜಪಾನಿನ ಸುತ್ತಣ ಆಕಾಶವನ್ನು ಎರಡೂವರೆ ನಿಮಿಷಕ್ಕೊಮ್ಮೆ ಚಿತ್ರಿಸಬಲ್ಲವು.

ಆದರೆ ಮೇಲಿನಿಂದ ನೋಡಿದ ಚಿತ್ರದಲ್ಲಿ ಮೋಡದ ನೆತ್ತಿ ಕಂಡೀತು, ಹೊಟ್ಟೆ ಕಾಣದು. ೨೦೨೨ರ ಜನವರಿಯಲ್ಲಿ ಮಿಎ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದು ಸಾಹಸಕ್ಕೆ ಕೈಹಾಕಿದರು. ಎಲ್ಲ ನಾವಿಕರೂ ದೂರವಿರಲು ಬಯಸುವ ಆ ಭಾರಿ ಮೋಡದ ಪಟ್ಟಿಯ ಅಡಿಗೇ ತಮ್ಮ ಹಡಗನ್ನು ಒಯ್ದು, ಗಂಟೆಗೊಂದರಂತೆ ಉಪಕರಣಗಳನ್ನು ಕಟ್ಟಿದ ಬೆಲೂನುಗಳನ್ನು ಮೇಲಕ್ಕೆ ಬಿಟ್ಟರು. ವಿಶಾಲವಾದ ಕಡಲಿನಿಂದ ಎದ್ದ ನೀರಾವಿಯನ್ನು ಎರಡು ದಿಕ್ಕಿನ ಗಾಳಿಗಳು ಕಿರಿದಾದ ಒಂದು ಪಟ್ಟಿಗೆ ತಂದು ಸುರಿಯುತ್ತಿರುವುದು ಆ ಅಳತೆಗಳಿಂದ ಸ್ಪಷ್ಟವಾಯಿತು. ಊರಿನ ಮೇಲೆ ಬೀಳುವ ಹಿಮದ ಲೆಕ್ಕ ಊರಿನ ಎದುರಿನ ಕಡಲಿನಲ್ಲಿ ಮಾತ್ರವಲ್ಲ, ಬಹುದೂರದ ಕಡಲಿನಲ್ಲಿಯೂ ಇದೆ ಎಂದಾಯಿತು.

ಇಂಥ ಮೋಡಗಳು ಜಪಾನಿನ ಸೊತ್ತೇನೂ ಅಲ್ಲ. ಅಮೆರಿಕದ ಪೂರ್ವ ತೀರದಾಚೆ ಬೆಚ್ಚನೆಯ ಗಲ್ಫ್ ಪ್ರವಾಹದ ಮೇಲೆಯೂ, ನಾರ್ವೆಯ ಉತ್ತರದ ಕಡಲಿನ ಮೇಲೆಯೂ ಚಳಿಗಾಲ ಇದೇ ರಂಗೋಲಿಯನ್ನು ಬಿಡಿಸುತ್ತದೆ. ೨೦೨೦ರಿಂದ ೨೦೨೨ರವರೆಗೆ ಅಮೆರಿಕದ ನಾಸಾ ಸಂಸ್ಥೆ ಎರಡು ವಿಮಾನಗಳನ್ನು ಜೋಡಿಯಾಗಿ ಹಾರಿಸಿ, ಒಂದನ್ನು ಮೋಡದ ನಡುವೆ, ಇನ್ನೊಂದನ್ನು ಅದರ ನೆತ್ತಿಯ ಮೇಲೆ ನಡೆಸಿ, ಒಂದೇ ಕಾಲದಲ್ಲಿ ಅಳತೆಗಳನ್ನು ತೆಗೆಯಿತು. ಇದಕ್ಕೆ ಕಾರಣ ಹಿಮವೊಂದೇ ಅಲ್ಲ. ಕಡಲಿನ ಮೇಲಿನ ತಗ್ಗಿನ ಮೋಡಗಳು ಸೂರ್ಯನ ಬೆಳಕನ್ನು ಹಿಂದಿರುಗಿಸುವ ಕನ್ನಡಿಗಳು. ಭೂಮಿಯನ್ನು ಅವು ತಂಪಾಗಿಡುತ್ತವೆ. ಮುಚ್ಚಿದ ಕಣ್ಣಿನ ಮೋಡ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ತೆರೆದ ಕಣ್ಣಿನ ಮೋಡ ಕಡಮೆ. ಹನಿಯಾಗಿರುವಾಗ ಒಂದು ಬಗೆ, ಹಿಮದ ಹರಳಾದಾಗ ಇನ್ನೊಂದು ಬಗೆ. ಭೂಮಿ ಬಿಸಿಯಾಗುತ್ತ ಹೋದಂತೆ ಈ ಕನ್ನಡಿಗಳ ಗತಿಯೇನು ಎಂಬುದು ಹವೆಯ ಭವಿಷ್ಯವನ್ನು ಎಣಿಸುವವರೆಲ್ಲರನ್ನೂ ಕಾಡುತ್ತಿರುವ ಪ್ರಶ್ನೆ.

ಜಪಾನಿನ ಸುತ್ತಲಿನ ಕಡಲು ಕಳೆದ ನೂರು ವರ್ಷಗಳಲ್ಲಿ ಲೋಕದ ಸಾಗರಗಳ ಸರಾಸರಿಯ ಎರಡು ಪಾಲಿಗಿಂತಲೂ ವೇಗವಾಗಿ ಬೆಚ್ಚಗಾಗಿದೆಯೆಂದು ಅಲ್ಲಿನ ಹವಾಮಾನ ಇಲಾಖೆಯ ಲೆಕ್ಕಗಳು ತೋರಿಸುತ್ತವೆ. ಒಂದು ಡಿಗ್ರಿ ಬೆಚ್ಚಗಾದ ಗಾಳಿ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಚಳಿ ಕಡಮೆಯಾದರೆ ಹಿಮ ಬೀಳುವ ದಿನಗಳು ಕಡಮೆಯಾದಾವು, ನಿಜ. ಆದರೆ ಸೈಬೀರಿಯದ ಗಾಳಿ ನಿಜವಾಗಿಯೂ ಕೆರಳಿ ಬಂದ ದಿನ ಅದರ ಕೈಗೆ ಸಿಕ್ಕುವ ಕಡಲು ಮೊದಲಿಗಿಂತ ಉದಾರವಾಗಿರುತ್ತದೆ. ಹಿಮ ಕಾಣದ ಚಳಿಗಾಲಗಳ ನಡುವೆ ಒಮ್ಮೆಗೇ ಬಂದು ಎರಗುವ ಭಾರಿ ಹಿಮಪಾತ, ವರ್ಷವರ್ಷವೂ ತಪ್ಪದೆ ಬರುವ ಹಿಮಕ್ಕಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಜನ ಅಷ್ಟರಲ್ಲಿ ಎಚ್ಚರವನ್ನು ಮರೆತಿರುತ್ತಾರೆ.

ಇಷ್ಟೆಲ್ಲ ಉಪದ್ರವ ಕೊಟ್ಟರೂ ಹಿಮದ ನಾಡಿನ ರೈತ ಹಿಮವನ್ನು ಶಪಿಸುವುದಿಲ್ಲ. ಬೆಟ್ಟಗಳ ಮೇಲೆ ಕೂಡಿದ ಹಿಮ ಅವನ ಪಾಲಿಗೆ ಯಾರೂ ಕಟ್ಟದ ಅಣೆಕಟ್ಟು. ವಸಂತದಲ್ಲಿ ಅದು ಮೆಲ್ಲಮೆಲ್ಲನೆ ಕರಗಿ, ನಾಟಿಯ ಹೊತ್ತಿಗೆ ಸರಿಯಾಗಿ ನೀಗಾತಾದ ಬಯಲಿಗೆ ಇಳಿಯುತ್ತದೆ. ಜಪಾನಿನಲ್ಲಿಯೇ ಹೆಸರಾದ ಕೊಶಿಹಿಕಾರಿ ಅಕ್ಕಿಯ ಗದ್ದೆಗಳು ಆ ನೀರಿನಿಂದ ತುಂಬುತ್ತವೆ. ಗದ್ದೆಯಲ್ಲಿ ಉಳಿದದ್ದು ಕಾಲುವೆಗೆ, ಕಾಲುವೆಯದು ೩೬೭ ಕಿಲೋಮೀಟರು ಉದ್ದದ ಶಿನಾನೋ ನದಿಗೆ, ನದಿಯದು ಮತ್ತೆ ಅದೇ ಕಡಲಿಗೆ. ಚಳಿಗಾಲದಲ್ಲಿ ಗಾಳಿ ಕಡ ತಂದ ನೀರು ಮಳೆಗಾಲಕ್ಕೆ ಮುನ್ನವೇ ತೀರಿಹೋಗುತ್ತದೆ. ಮುಂದಿನ ಡಿಸೆಂಬರಿನ ಗಾಳಿಗಾಗಿ ಕಡಲು ಬೇಸಗೆಯ ಬಿಸಿಲನ್ನು ಕೂಡಿಡಲು ತೊಡಗುತ್ತದೆ.